ಮೋಟಾರು ಗಾಡಿಯೂ ನಮ್ಮ ತರ್ಕವೂ

ಮೋಟಾರು ಗಾಡಿಯ ವಿಷಯವಾಗಿ ಲೇಖನಿಯನ್ನು ಹಿಡಿಯುವ ಕಾಲವೊಂದು ಬಂದೀತೆಂದು ನಾವು ಎಣಿಸಿರಲಿಲ್ಲ. ಮೂವತ್ತು ವರ್ಷಗಳಿಗೆ ಮಿಕ್ಕಿ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವರಿಗೆ ಪಿಸ್ಟನ್ನು ಗ್ಯಾಸ್ಕೆಟ್ಟುಗಳ ಗೊಡವೆ ಏಕೆಂದು ವಾಚಕರು ಕೇಳಿಯಾರು. ಕೇಳುವುದು ನ್ಯಾಯವೇ. ಆದರೆ ಶಬ್ದವೊಂದು ನಮ್ಮನ್ನು ನಾಲ್ಕು ತಿಂಗಳ ಕಾಲ ಕಾಡಿತು. ಅದು ಪಾಣಿನಿಯ ಶಬ್ದವಲ್ಲ, ಗಾಡಿಯ ಶಬ್ದ.

ಮಗನು ಉದ್ಯೋಗನಿಮಿತ್ತ ಪರದೇಶಕ್ಕೆ ಹೊರಟಾಗ ತನ್ನ ಹಳೆಯ ಹೈಬ್ರಿಡ್ ಕಾರನ್ನು ಮೈಸೂರಿನ ನಮ್ಮ ಮನೆಯಲ್ಲಿ ಬಿಟ್ಟುಹೋದನು. ಈ ಜಾತಿಯ ಗಾಡಿಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರಾಟಕ್ಕೆ ಬಂದದ್ದು 1997ರಲ್ಲಿ, ಜಪಾನಿನಲ್ಲಿ. ಈಗ ನಮ್ಮ ಬಿಡದಿಯಲ್ಲಿಯೂ ಇಂಥವು ತಯಾರಾಗುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಂತೆ ಇದರಲ್ಲಿ ಪೆಟ್ರೋಲಿನ ಎಂಜಿನ್ ಒಂದು, ವಿದ್ಯುತ್ತಿನ ಮೋಟಾರು ಒಂದು. ಯಾವ ಎತ್ತು ಯಾವಾಗ ಎಳೆಯಬೇಕೆಂಬುದನ್ನು ಗೊತ್ತುಮಾಡುವುದು ಗಾಡಿಯೊಳಗಿನ ಕಂಪ್ಯೂಟರೇ ಹೊರತು ಚಾಲಕನಲ್ಲ. ತೊಡಕು ಇಲ್ಲಿಯೇ ಇದೆ. ಸಾಮಾನ್ಯವಾದ ಗಾಡಿಯಲ್ಲಿ ಕಾಲಿನಿಂದ ಒತ್ತಿದರೆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕಾಲಿಗೂ ಸದ್ದಿಗೂ ಹೀಗೆ ಒಂದು ವ್ಯಾಪ್ತಿಯಿರುವುದರಿಂದ, ಎಂತಹ ಮಂದಮತಿಯಾದರೂ ನಾಲ್ಕು ದಿನಗಳಲ್ಲಿ ಕಿವಿಯಿಂದಲೇ ಗಾಡಿಯ ಆರೋಗ್ಯವನ್ನು ಊಹಿಸಬಲ್ಲನು. ಹೈಬ್ರಿಡ್ಡಿನಲ್ಲಿ ಆ ವ್ಯಾಪ್ತಿಯೇ ಮುರಿದುಹೋಗಿದೆ. ದೀಪದ ಕಂಬದ ಬಳಿ ಗಾಡಿ ನಿಂತಿರುವಾಗ ಬ್ಯಾಟರಿಗೆ ವಿದ್ಯುತ್ತು ಬೇಕಾಯಿತೆಂದು ಎಂಜಿನ್ ತಾನಾಗಿ ಎದ್ದುಬಿಡುತ್ತದೆ, ಓಡುತ್ತಿರುವಾಗಲೇ ಮಲಗಿಬಿಡುತ್ತದೆ. ಮೊದಲ ಸಲ ಚಾಮುಂಡಿಬೆಟ್ಟದಿಂದ ಇಳಿಯುತ್ತಿದ್ದಾಗ, ನಾವು ಕಾಲನ್ನು ಪೂರ್ತಿ ತೆಗೆದಿದ್ದರೂ ಎಂಜಿನ್ ಭೋರ್ಗರೆಯತೊಡಗಿತು. ಗಾಡಿ ಕೈಮೀರಿತೆಂದೇ ಭಾವಿಸಿದೆವು. ಇಳಿಜಾರಿನಲ್ಲಿ ಉತ್ಪನ್ನವಾದ ವಿದ್ಯುತ್ತಿನಿಂದ ಬ್ಯಾಟರಿ ತುಂಬಿಹೋದ ಮೇಲೆ, ಮಿಕ್ಕ ವೇಗವನ್ನು ತಡೆಯುವುದಕ್ಕಾಗಿ ಅದು ಪೆಟ್ರೋಲನ್ನು ಉರಿಸದೆ ಎಂಜಿನ್ನನ್ನು ಬರಿದೇ ತಿರುಗಿಸುತ್ತದೆಯೆಂದು ಆಮೇಲೆ ತಿಳಿಯಿತು.

ಹೀಗೆ ರೋಗವಲ್ಲದ ಸದ್ದುಗಳೇ ಹಲವು ಇದ್ದುದರಿಂದ, ರೋಗದ ಸದ್ದು ಯಾವುದೆಂಬ ವಿವೇಕವು ಕಠಿನವಾಯಿತು. 2024ನೆಯ ಇಸವಿ ಡಿಸೆಂಬರಿನಲ್ಲಿ ಎರಡು ಬಗೆಯ ಬಡಿತಗಳು ಒಟ್ಟಿಗೇ ಕಾಣಿಸಿಕೊಂಡವು. ಒಂದು, ಬೀದಿಯಲ್ಲಿ ಮೆಲ್ಲಗೆ ಹೋಗುವಾಗ ಮುಂದಿನ ಎಡಭಾಗದಲ್ಲಿ ಟಕ್ ಟಕ್ ಎಂಬ ಕುಟ್ಟು. ಇನ್ನೊಂದು, ಬೆಳಗ್ಗೆ ಗಾಡಿಯನ್ನು ಎಬ್ಬಿಸಿದ ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಏಳುತ್ತಲೇ ಲಟಲಟನೆ ಬಡಿದುಕೊಂಡು, ಇಡೀ ಗಾಡಿಯನ್ನು ನಡುಗಿಸಿ, ಕೆಲವು ಕ್ಷಣಗಳಲ್ಲಿ ತಣ್ಣಗಾಗಿಬಿಡುವ ಸದ್ದು. ಮಾರಾಟದವರ ರಿಪೇರಿಶಾಲೆಗೆ ಒಯ್ದೆವು. ನಾವು ಹೋದದ್ದು ಹಗಲು ಹನ್ನೊಂದು ಗಂಟೆಗೆ. ಬಿಸಿಯಾಗಿದ್ದ ಎಂಜಿನ್ ಸಂಭಾವಿತನಂತೆ ಮೌನವಾಗಿತ್ತು. ಅಲ್ಲಿಯ ತರುಣನು "ಹೈಬ್ರಿಡ್ ಅಂದ್ರೆ ಹೀಗೇ ಸಾರ್" ಎಂದು ನಗುತ್ತ ಕಳುಹಿಸಿಕೊಟ್ಟನು.

ಆಗ ನಮಗೆ ಓದಿದ ತರ್ಕವು ನೆನಪಾಯಿತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬ ಅನ್ವಯ ವ್ಯತಿರೇಕಗಳಿಂದ ಕಾರಣವನ್ನು ಹಿಡಿಯಬೇಕೆಂದು ಒಂದು ನೋಟುಪುಸ್ತಕವನ್ನು ತೆರೆದೆವು. ಎಂಜಿನ್ ಎದ್ದಿತ್ತೇ, ಮಲಗಿತ್ತೇ. ಗಾಡಿ ಓಡುತ್ತಿತ್ತೇ, ನಿಂತಿತ್ತೇ. ರಸ್ತೆ ಸಮವೇ, ಹಳ್ಳದಿಣ್ಣೆಯೇ. ಹವೆ ಚಳಿಯೇ, ಸೆಕೆಯೇ. ಇಷ್ಟು ಅಂಕಣಗಳು. (ತೋಟದಿಂದ ತಂದು ಡಿಕ್ಕಿಯಲ್ಲಿ ಮರೆತಿದ್ದ ಮೂರು ತೆಂಗಿನಕಾಯಿಗಳನ್ನು ತೆಗೆದ ಮೇಲೆ ಅಡಗಿಹೋದ ಮೂರನೆಯ ಸದ್ದೊಂದನ್ನು ಪುಸ್ತಕದಲ್ಲಿ ಬರೆಯಲಿಲ್ಲ.)

ಮೊದಲನೆಯ ಕುಟ್ಟು ವಾರದೊಳಗೆ ಸಿಕ್ಕಿಬಿದ್ದಿತು. ಎಂಜಿನ್ ಮಲಗಿದ್ದಾಗಲೂ ಅದು ಕೇಳಿಸುತ್ತಿತ್ತಾದ್ದರಿಂದ ಎಂಜಿನ್ ಕಾರಣವಲ್ಲ. ಗಾಡಿ ನಿಂತಿದ್ದಾಗ ಎಂದೂ ಇಲ್ಲ. ಸಮವಾದ ರಸ್ತೆಯಲ್ಲಿಯೂ ಇಲ್ಲ. ಹಳ್ಳ ಉಬ್ಬುಗಳಲ್ಲಿ ತಪ್ಪದೆ ಉಂಟು. ಆದುದರಿಂದ ಚಕ್ರದ ನೆರೆಹೊರೆಯಲ್ಲಿಯೇ ಇರತಕ್ಕದ್ದೆಂದು ನಿರ್ಣಯಿಸಿ, ಒಂಟಿಕೊಪ್ಪಲಿನಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಹಳೆಯ ಶಿಷ್ಯನಲ್ಲಿಗೆ ಹೋದೆವು. ಇವನು ಸಂಸ್ಕೃತದಲ್ಲಿ ಎರಡು ಸಲ ನಪಾಸಾದವನು. ಗಾಡಿಯ ಅಡಿಗೆ ನುಸುಳಿ, ಮುಂದಿನ ಎರಡು ಚಕ್ರಗಳ ಓಲಾಟವನ್ನು ತಡೆಯುವ ಸರಳಿಗೆ ಕೂಡಿಸಿದ ಗೇಣುದ್ದದ ಕೊಂಡಿಯೊಂದನ್ನು ಅಲ್ಲಾಡಿಸಿ ತೋರಿಸಿದನು. ಅದರ ತುದಿಯ ಗುಂಡು ಸವೆದು ಗೂಡಿನಲ್ಲಿ ಸಡಿಲವಾಗಿತ್ತು. "ಬೇರೆ ಗಾಡೀಲಿ ಇಷ್ಟು ಸವೆದ್ರೆ ಎಂಜಿನ್ ಸದ್ದಲ್ಲಿ ಕೇಳ್ಸೋದೇ ಇಲ್ಲ ಮೇಷ್ಟ್ರೇ. ಇದು ಮೌನದ ಗಾಡಿ, ಎಲ್ಲಾ ಕೇಳ್ಸುತ್ತೆ" ಎಂದನು. ಅಲ್ಪ ಹಣದಲ್ಲಿ ಕೆಲಸ ಮುಗಿಯಿತು. ನಮಗಾದ ಹೆಮ್ಮೆಯನ್ನು ಬರೆಯಲು ಈಗ ಸಂಕೋಚವಾಗುತ್ತದೆ.

ಆ ಹೆಮ್ಮೆಯಲ್ಲಿಯೇ ಎರಡನೆಯ ಸದ್ದನ್ನು ವಿಚಾರಿಸಿದೆವು. ಚಳಿಯ ಬೆಳಗಿನಲ್ಲಿ ಬಡಿತವುಂಟು. ಬಿಸಿಲೇರಿದ ಮಧ್ಯಾಹ್ನದಲ್ಲಿ ಇಲ್ಲ. ಇಪ್ಪತ್ತೆಂಟು ದಿನಗಳ ಲೆಕ್ಕದಲ್ಲಿ ಒಂದು ವ್ಯಭಿಚಾರವೂ ಇರಲಿಲ್ಲ. ಆದುದರಿಂದ ಚಳಿಯೇ ಕಾರಣ. ಎಣ್ಣೆ ಗಟ್ಟಿಯಾಗುತ್ತದೆ, ಲೋಹ ಕುಗ್ಗುತ್ತದೆ, ವಯಸ್ಸಾದ ನಮಗೂ ಮಾಗಿಯಲ್ಲಿ ಮೊಣಕಾಲು ಹಿಡಿಯುವುದಿಲ್ಲವೇ ಎಂದು ಸಮಾಧಾನ ಹೇಳಿಕೊಂಡೆವು. ಶಿಷ್ಯನಿಗೆ ತಿಳಿಸುವ ಆವಶ್ಯಕತೆಯೇ ತೋರಲಿಲ್ಲ. ಮಾರ್ಚಿ ಬಂದಿತು, ಸದ್ದು ಹೋಗಲಿಲ್ಲ. ಮುಂಜಾವು ಇನ್ನೂ ತಂಪಾಗಿಯೇ ಇದೆಯಲ್ಲವೇ ಎಂದುಕೊಂಡೆವು. ಸಿದ್ಧಾಂತವನ್ನು ಒಮ್ಮೆ ಮಾಡಿದವನು ಅದಕ್ಕೆ ಹೇಗೆ ಜೀತವಿರುತ್ತಾನೆಂಬುದಕ್ಕೆ ನಮಗಿಂತ ಬೇರೆ ದೃಷ್ಟಾಂತ ಬೇಡ.

ಏಪ್ರಿಲಿನಲ್ಲಿ ಮೂರು ದಿನ ಊರಿಗೆ ರೈಲಿನಲ್ಲಿ ಹೋಗಿ ಬಂದೆವು. ಹಿಂದಿರುಗಿದ್ದು ಉರಿಬಿಸಿಲಿನ ಎರಡು ಗಂಟೆಗೆ. ಷೆಡ್ಡಿನ ತಗಡು ಮುಟ್ಟಿದರೆ ಸುಡುತ್ತಿತ್ತು. ಗಾಡಿಯನ್ನು ಎಬ್ಬಿಸಿದರೆ ಹಿಂದೆಂದೂ ಇಲ್ಲದಷ್ಟು ಬಡಿತ, ನಡುಕ, ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆ "ಏನೂಂದ್ರೆ, ಇವತ್ತು ಯಾವ ಚಳಿ?" ಎಂದರು.

ನಾವು ಉತ್ತರವನ್ನು ಹುಡುಕುತ್ತಿರುವಾಗಲೇ ಅವರು ಇನ್ನೊಂದು ಮಾತನ್ನು ಸೇರಿಸಿದರು. ಗಾಜನ್ನು ಒರೆಸುವ ನೀರನ್ನು ಬಾನೆಟ್ಟಿನೊಳಗಿನ ಡಬ್ಬಿಗೆ ತುಂಬುವುದು ನಮ್ಮಲ್ಲಿ ಅವರ ಕೆಲಸ. "ಪಕ್ಕದ ಡಬ್ಬೀಲಿ ಗುಲಾಬಿ ಬಣ್ಣದ ನೀರಿದೆಯಲ್ಲ, ಸಂಕ್ರಾಂತಿಗೆ ಮೇಲಿನ ಗೆರೆವರೆಗೂ ಇತ್ತು. ಶಿವರಾತ್ರಿಗೆ ಕೆಳಗಿನ ಗೆರೆಗೆ ಬಂದಿತ್ತು. ಈಗ ತಳ ಕಾಣ್ತಾ ಇದೆ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ. ಕುಡಿಯೋರು ಯಾರು?" ತುಪ್ಪದ ಭರಣಿಯ ಮಟ್ಟವನ್ನು ನೋಡುವ ಕಣ್ಣು ಅದು. ಏಕೆ ಮೊದಲೇ ಹೇಳಲಿಲ್ಲವೆಂದು ಕೇಳಿದೆವು. "ನೀವು ಪುಸ್ತಕ ಬರೀತಿದ್ರಲ್ಲ" ಎಂದರು.

ತರ್ಕಸಂಗ್ರಹವನ್ನು ಓದಿದ ಹುಡುಗನಿಗೂ ಉಪಾಧಿಯೆಂಬ ದೋಷವು ಗೊತ್ತು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಹೇಳಲಾಗದು; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ. ಆ ಹಸಿ ಸೌದೆಯೇ ಉಪಾಧಿ. ಇದನ್ನು ಎಷ್ಟು ತರಗತಿಗಳಿಗೆ ಪಾಠಮಾಡಿದ್ದೆವೋ! ಚಳಿಯ ಪ್ರತಿಯೊಂದು ಬೆಳಗಿನಲ್ಲಿಯೂ ಗಾಡಿ ರಾತ್ರಿಯೆಲ್ಲ ನಿಂತಿರುತ್ತಿತ್ತೆಂಬುದಕ್ಕೆ ನಮ್ಮ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಸದ್ದು ಬಂದದ್ದು ಚಳಿಯಿಂದಲ್ಲ, ನಿಂತಿದ್ದರಿಂದ. ಅಲ್ಲದೆ ಇಲ್ಲಿ ಹಸಿಯೂ ಅಕ್ಷರಶಃ ಹಸಿಯೇ ಆಗಿತ್ತು.

ಶಿಷ್ಯನು ಈ ಸಲ ನಗಲಿಲ್ಲ. "ಇದನ್ನ ಓಡಿಸ್ಬೇಡಿ ಮೇಷ್ಟ್ರೇ" ಎಂದು ಗಾಡಿಯನ್ನು ಎಳೆಯಿಸಿಕೊಂಡು ಹೋಗಿ ರಾತ್ರಿ ತನ್ನಲ್ಲಿಯೇ ಇರಿಸಿಕೊಂಡನು. ಎಂಜಿನ್ನನ್ನು ತಂಪುಮಾಡುವ ನೀರಿನ ಹಾದಿಗೆ ಸಂಜೆ ಕೈಪಂಪಿನಿಂದ ಒತ್ತಡ ಕೊಟ್ಟು ಬಿಟ್ಟನು. ಬೆಳಗ್ಗೆ ನಾವು ಹೋದಾಗ ಗಾಡಿಯನ್ನು ಎಬ್ಬಿಸದೆ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ತುದಿಯಲ್ಲಿ ಕ್ಯಾಮರಾ ಇರುವ ತೆಳುವಾದ ನಾಳವನ್ನು ಒಂದೊಂದು ರಂಧ್ರದಲ್ಲಿಯೂ ಇಳಿಸಿದನು. ಮೂರು ಪಿಸ್ಟನ್ನುಗಳ ತಲೆ ಮಸಿಯಿಂದ ಕಪ್ಪಾಗಿತ್ತು. ನಾಲ್ಕನೆಯದು ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ಗುಲಾಬಿ ಬಣ್ಣದ ನೀರು ನಿಂತಿತ್ತು. ಎಂಜಿನ್ನಿನ ತಲೆಗೂ ಮೈಗೂ ನಡುವಣ ಗ್ಯಾಸ್ಕೆಟ್ಟು ಕೆಟ್ಟು, ಗಾಡಿ ನಿಂತಾಗ ಆ ಸಿಲಿಂಡರಿಗೆ ನೀರು ಜಿನುಗುತ್ತಿತ್ತು. ಎಬ್ಬಿಸಿದೊಡನೆ ಅದೊಂದು ಸಿಲಿಂಡರು ಸರಿಯಾಗಿ ಉರಿಯದೆ ನಡುಗುವುದು. ನೀರು ಆವಿಯಾಗಿ ಹೋದ ಮೇಲೆ ಸುಮ್ಮನಾಗುವುದು. ಗಾಳಿಯಂತೆ ನೀರನ್ನು ಅದುಮಲಾಗುವುದಿಲ್ಲ. ಇನ್ನಷ್ಟು ನೀರು ಸೇರಿದ್ದರೆ ಪಿಸ್ಟನ್ನನ್ನು ಹಿಡಿದ ದಂಡವೇ ಬಾಗಿ ಎಂಜಿನ್ ಪೂರ್ತಿ ಹಾಳಾಗುತ್ತಿತ್ತು. ಮೇ ತಿಂಗಳಲ್ಲಿ ಮಗಳನ್ನೂ ಮೊಮ್ಮಗುವನ್ನೂ ಇದೇ ಗಾಡಿಯಲ್ಲಿ ಕೂರಿಸಿಕೊಂಡು ಆಗುಂಬೆ ಘಟ್ಟವನ್ನು ಇಳಿದು ಉಡುಪಿಗೆ ಹೋಗಬೇಕೆಂದು ನಾವು ದಿನವನ್ನೂ ಗೊತ್ತುಮಾಡಿದ್ದೆವು.

ಹೊಗೆಯ ಒಂದು ಭಾಗವನ್ನು ತಂಪುಮಾಡಿ ಎಂಜಿನ್ನಿಗೆ ಮರಳಿ ಕಳುಹಿಸುವ ಪೆಟ್ಟಿಗೆಯೊಂದನ್ನೂ ಅವನು ಬಿಚ್ಚಿ ತೋರಿಸಿದನು. ಅಡಿಗೆಮನೆಯ ಹಳೆಯ ಹೊಗೆಗೂಡಿನಂತೆ ಅದು ಮಸಿಯಿಂದ ಕಟ್ಟಿಹೋಗಿತ್ತು. ಗ್ಯಾಸ್ಕೆಟ್ಟು ಕೆಟ್ಟುದಕ್ಕೆ ಅದೇ ಮೂಲವೆಂದು ಅವನ ಅಭಿಪ್ರಾಯ. ಅದನ್ನು ತೊಳೆದು, ತಲೆಯನ್ನು ಹದಗೊಳಿಸಿ ಕೂಡಿಸುವುದಕ್ಕೆ ಎರಡು ತಿಂಗಳ ಪಿಂಚಣಿಯನ್ನು ಮೀರಿದ ಹಣ ಹೋಯಿತು. ಡಿಸೆಂಬರಿನಲ್ಲಿಯೇ ಬಂದಿದ್ದರೆ ಖರ್ಚು ಕಡಮೆಯಾಗುತ್ತಿತ್ತೇ ಎಂದು ಕೇಳಿದೆವು. ಅವನು ಗುರುಭಕ್ತಿಯಿಂದ ಮಾತನ್ನು ಬದಲಾಯಿಸಿ, ಬಾನೆಟ್ಟಿನೊಳಗೆ ನಾವು ಸ್ವತಃ ಕೈಯಿಡುವುದನ್ನು ಕುರಿತು ಬುದ್ಧಿ ಹೇಳಿದನು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಹರಿಯುತ್ತದೆ, ಮುಟ್ಟತಕ್ಕದ್ದಲ್ಲ; ಗಾಡಿ ಮೌನವಾಗಿದೆಯೆಂದು ನಂಬಿ ಬಾನೆಟ್ಟಿನೊಳಗೆ ಬಗ್ಗಿದರೆ, ಗಾಡಿಯನ್ನು ಪೂರ್ತಿ ಆರಿಸದಿದ್ದಲ್ಲಿ, ಎಂಜಿನ್ ತಾನಾಗಿ ಎದ್ದು ತಿರುಗೀತು. ಮನೆಯಲ್ಲಿ ಇಂತಹ ಗಾಡಿಯುಳ್ಳ ವಾಚಕರು ಇವೆರಡನ್ನು ಮರೆಯಬಾರದು. ತಂಪುನೀರಿನ ಮಟ್ಟವನ್ನು ನೋಡುವುದಂತೂ ಡಬ್ಬಿಯ ಹೊರಗಿನಿಂದಲೇ ಸಾಧ್ಯ. ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಕೂಡದು.

ಮೇ ತಿಂಗಳಲ್ಲಿ ಉಡುಪಿಗೆ ಬಸ್ಸಿನಲ್ಲಿ ಹೋಗಿಬಂದೆವು. ಗಾಡಿ ಮನೆಗೆ ಹಿಂದಿರುಗಿ ಈಗ ಬೆಳಗ್ಗೆ ಸದ್ದಿಲ್ಲದೆ ಏಳುತ್ತದೆ. ಚಾಲಕನ ಬಾಗಿಲನ್ನು ತೆರೆದಾಗ ಮಾತ್ರ ಒಳಗೆಲ್ಲೋ ಗುಯ್ಯೆಂದು ನಿಲ್ಲುವ ಸದ್ದೊಂದಿದೆ; ಅದು ಬ್ರೇಕಿಗೆ ಒತ್ತಡ ತುಂಬುವ ಪಂಪು, ರೋಗವಲ್ಲವೆಂದು ಶಿಷ್ಯನ ಮಾತು. ನೋಟುಪುಸ್ತಕವನ್ನು ಬಿಟ್ಟಿಲ್ಲ. ಅದರಲ್ಲಿ "ಗುಲಾಬಿ ನೀರು" ಎಂಬ ಹೊಸ ಅಂಕಣವೊಂದು ಸೇರಿದೆ. ಸೋಮವಾರ ಸೋಮವಾರ ಅದನ್ನು ತುಂಬತಕ್ಕವರು ನಾವಲ್ಲ.