ಬೆಂಕಿಯಿಲ್ಲದ ಬೆಸುಗೆ

ಯಾವುದೇ ವಿದ್ಯೆಯ ಮೊದಲ ಮೆಟ್ಟಿಲಲ್ಲಿ ಭಯವೊಂದು ಕುಳಿತಿರುತ್ತದೆ. ವೆಲ್ಡಿಂಗ್ ಕಲಿಯಲು ಬಂದವನ ಪಾಲಿಗೆ ಅದು ಬೆಂಕಿಯ ಭಯ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖವನ್ನೀಯುವ ವಿದ್ಯುತ್ ಚಾಪದ ಬೆಳಕು ಬರಿಗಣ್ಣಿಗೆ ತಾಗಿದರೆ, ಕೆಲವು ಗಂಟೆಗಳ ತರುವಾಯ ಕಣ್ಣೊಳಗೆ ಮರಳು ಸುರಿದಂತಹ ಉರಿ ಏಳುತ್ತದೆ. ವೆಲ್ಡಿಂಗ್ ಹೊಗೆಯೂ ಅದರ ನೇರಳಾತೀತ ಕಿರಣಗಳೂ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ನಿರ್ಣಯಿಸಿತು. ಆದುದರಿಂದ ಕಲಿಯುವವನ ಭಯವು ಹೇಡಿತನವಲ್ಲ, ವಿವೇಕದ ಮೊಳಕೆಯೇ ಆಗಿದೆ. ಆದರೆ ನಡುಗುವ ಕೈಯಿಂದ ನೇರವಾದ ಬೆಸುಗೆ ಮೂಡದು.

ಕಲಿಸುವವರಿಗೂ ಇಲ್ಲೊಂದು ತೊಡಕುಂಟು. ಚಾಪ ಹೊತ್ತಿದಾಗ ಗುರು ಶಿಷ್ಯರಿಬ್ಬರೂ ಕಪ್ಪು ಗಾಜಿನ ಹಿಂದಿರುತ್ತಾರೆ. ಶಿಷ್ಯನ ಕೈ ಎಷ್ಟು ವಾಲಿತು, ಎಷ್ಟು ಅವಸರಿಸಿತು ಎಂಬುದು ಗುರುವಿಗೆ ಪೂರ್ತಿ ಕಾಣದು. ಲೋಹ ತಣಿದು, ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಕೆಡವಿದ ಮೇಲೆಯೇ ತಪ್ಪು ಹೊರಬೀಳುವುದು. ಅಷ್ಟರಲ್ಲಿ ತಪ್ಪು ಮಾಡಿದ ಗಳಿಗೆ ಕೈಯ ನೆನಪಿನಿಂದ ಜಾರಿಹೋಗಿರುತ್ತದೆ.

ಈ ತೊಡಕಿಗೆ ಉತ್ತರವಾಗಿ ಬಂದುದು ಆಗ್ಮೆಂಟೆಡ್ ರಿಯಾಲಿಟಿ, ಎಂದರೆ ವರ್ಧಿತ ವಾಸ್ತವದ ಸಿಮ್ಯುಲೇಟರ್. ಸ್ಪೇನ್ ದೇಶದ ಉಯೆಲ್ವಾ ಎಂಬಲ್ಲಿನ ಸೀಬೆರಿ ಸಂಸ್ಥೆಯು ರೂಪಿಸಿದ ಸೋಲ್ಡಾಮ್ಯಾಟಿಕ್ ಇಂತಹ ಯಂತ್ರಗಳಲ್ಲಿ ಹೆಸರಾದುದು. ಇದರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾಗಳಿವೆ. ಕೈಯಲ್ಲಿ ಹಿಡಿಯುವ ಟಾರ್ಚಿನ ಮೇಲೂ ಬೆಸೆಯಬೇಕಾದ ತುಂಡುಗಳ ಮೇಲೂ ಗುರುತಿನ ಚಿಹ್ನೆಗಳಿವೆ. ಗಣಕವು ಆ ಚಿಹ್ನೆಗಳನ್ನು ಹಿಂಬಾಲಿಸಿ, ಇರುವ ಮೇಜು, ಇರುವ ಕೈ, ಇರುವ ತುಂಡುಗಳ ಮೇಲೆಯೇ ಇಲ್ಲದ ಚಾಪವನ್ನೂ ಕರಗಿದ ಲೋಹದ ಮಡುವನ್ನೂ ಚಿತ್ರಿಸಿ ತೋರಿಸುತ್ತದೆ. ಕೈಯ ವೇಗ, ಓರೆ, ದೂರಗಳನ್ನು ಅಳೆಯುತ್ತದೆ. ಕೈ ತಪ್ಪಿದ ಗಳಿಗೆಯಲ್ಲೇ ತಪ್ಪು ಕಾಣುತ್ತದೆ. ಶಿಷ್ಯನು ಕಾಣುವುದನ್ನು ಗುರುವೂ ಪರದೆಯ ಮೇಲೆ ಕಾಣುತ್ತಾನೆ. ಉಕ್ಕು, ರಾಡು, ಅನಿಲಗಳ ವೆಚ್ಚವೂ ಉಳಿಯುತ್ತದೆ. ಬಡ ವಿದ್ಯಾರ್ಥಿಗಳಿರುವ ತರಬೇತಿ ಕೇಂದ್ರದಲ್ಲಿ ಇದು ಸಣ್ಣ ಮಾತಲ್ಲ. ಒಬ್ಬನಿಗೆ ಎಷ್ಟು ಬಾರಿ ತಪ್ಪಲು ಅವಕಾಶವಿದೆ ಎಂಬುದನ್ನು ಅಲ್ಲಿ ಬಹುಪಾಲು ಸಾಮಗ್ರಿಯ ಬೆಲೆಯೇ ನಿರ್ಧರಿಸುತ್ತದೆ.

ಇಲ್ಲಿ ಸಹಜವಾಗಿಯೇ ಪ್ರಶ್ನೆಯೊಂದು ಏಳುತ್ತದೆ. ಸುಡದ ಬೆಂಕಿಯಲ್ಲಿ ಕಲಿತ ವಿದ್ಯೆ ಸುಡುವ ಬೆಂಕಿಯ ಮುಂದೆ ನಿಂತೀತೇ?

ವರ್ಧಿತ ವಾಸ್ತವಕ್ಕೆ ಸಮೀಪದ್ದಾದ ವರ್ಚುವಲ್ ರಿಯಾಲಿಟಿ ಯಂತ್ರದ ಮೇಲೆ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ್ದಾರೆ. ತರಬೇತಿಯ ಅರ್ಧ ಕಾಲವನ್ನು ಸಿಮ್ಯುಲೇಟರಿನಲ್ಲಿಯೂ ಉಳಿದರ್ಧವನ್ನು ನಿಜವಾದ ಚಾಪದ ಮುಂದೆಯೂ ಕಳೆದವರು, ಬರಿಯ ಹಳೆಯ ಕ್ರಮದಲ್ಲಿ ಕಲಿತವರಿಗಿಂತ ಹೆಚ್ಚು ಅರ್ಹತೆಗಳನ್ನು ಗಳಿಸಿದರೆಂದು 2011ರ ಅವರ ಅಧ್ಯಯನ ಹೇಳಿತು. 2013ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನವು ಇನ್ನೂ ಮುಖ್ಯವಾದುದು. ಸುಲಭದ ಬೆಸುಗೆಗಳಿಗೆ ಸಿಮ್ಯುಲೇಟರ್ ಒಂದೇ ಸಾಲಬಹುದು. ಅತಿ ಕಠಿಣವಾದವುಗಳಿಗೆ ಎರಡನ್ನೂ ಬೆರೆಸಿದ ಕಲಿಕೆಯೇ ಮೇಲೆಂದು ಅದು ಕಂಡುಕೊಂಡಿತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪರದೆಯ ಚಾಪಕ್ಕೆ ಬಿಸಿಯಿಲ್ಲ. ಅದರ ಕಿಡಿ ಅಂಗಿಯ ತೋಳಿನೊಳಗೆ ಬೀಳುವುದಿಲ್ಲ. ಶಾಖಕ್ಕೆ ತಗಡು ಸೊಟ್ಟಗಾಗಿ ಲೆಕ್ಕ ತಪ್ಪಿಸುವುದಿಲ್ಲ. ಮೇಲಾಗಿ, ಕೈಗೆ ದಾರಿ ತೋರುವ ಬಣ್ಣದ ಗುರುತುಗಳು ಅಲ್ಲಿ ಕಣ್ಣ ಮುಂದೆಯೇ ಇರುತ್ತವೆ. ಅವು ಊರುಗೋಲಿನಂತೆ. ಬಲ್ಲ ಗುರು ಅವನ್ನು ಒಂದೊಂದಾಗಿ ಆರಿಸುತ್ತಾ ಹೋಗುತ್ತಾನೆ. ಹಾಗೆ ಆರಿಸದಿದ್ದಲ್ಲಿ ಶಿಷ್ಯನು ಗುರುತುಗಳನ್ನು ಅನುಸರಿಸಲು ಕಲಿಯುತ್ತಾನೆಯೇ ಹೊರತು ಕರಗುವ ಲೋಹವನ್ನು ಓದಲು ಕಲಿಯುವುದಿಲ್ಲ.

ಪರದೆಯ ಮೇಲಿನ ತಪ್ಪನ್ನು ಅಳಿಸಬಹುದು. ಬಾಯ್ಲರಿನ ಕೊಳವೆಯಲ್ಲಿ ಉಳಿದ ತಪ್ಪು ಹಾಗೆ ಅಳಿಯದು. ಹೊರಗೆ ನುಣುಪಾಗಿ ಕಾಣುವ ಬೆಸುಗೆಯ ಒಳಗೆ ಕೂದಲೆಳೆಯ ಬಿರುಕು ಅಡಗಿರಬಹುದು. ಒತ್ತಡವೇರಿದ ದಿನ ಅದರ ಬದಿಯಲ್ಲಿ ನಿಂತವನು ಬೆಸೆದವನೇ ಆಗಿರಬೇಕೆಂದೇನಿಲ್ಲ. ಯಾರೋ ಮಾಡಿದ ಕಾಯಕವನ್ನು ನಂಬಿ ಇನ್ನಾರೋ ಬದುಕುತ್ತಾರೆ. ಅದಕ್ಕೆಂದೇ ಅರ್ಹತೆಯ ಪರೀಕ್ಷೆಯಲ್ಲಿ ಬೆಸೆದ ತುಂಡನ್ನು ಕೊಯ್ದು, ಬಗ್ಗಿಸಿ ನೋಡುತ್ತಾರೆ. ಅಲ್ಲಿ ಸಿಮ್ಯುಲೇಟರಿನ ಅಂಕಗಳು ಸಾಕ್ಷಿಗೆ ಬರುವುದಿಲ್ಲ.

ಆದರೂ ಈ ಯಂತ್ರವನ್ನು ಹುಸಿಯೆಂದು ತಳ್ಳುವುದು ನ್ಯಾಯವಲ್ಲ. ಅಲ್ಲಿ ಬೆಂಕಿ ಮಾತ್ರ ಕಲ್ಪಿತ. ಕೈ ನಿಜ, ಕೈಯ ಓರೆ ನಿಜ, ನೂರು ಬಾರಿ ತಪ್ಪಿ ತಿದ್ದಿಕೊಂಡ ತಾಳ್ಮೆಯೂ ನಿಜ. ಅಷ್ಟನ್ನು ಕೈಯಲ್ಲಿ ಹೊತ್ತು ಒಬ್ಬನು ಮೊದಲ ಸಲ ನಿಜವಾದ ಚಾಪವನ್ನು ಹೊತ್ತಿಸಿದಾಗ ಅವನ ಭಯ ಪೂರ್ತಿ ಹೋಗಿರುವುದಿಲ್ಲ, ಹೋಗಲೂಬಾರದು. ನಡುಕವಿಳಿದು ಎಚ್ಚರ ಉಳಿದಿದ್ದರೆ, ಆ ಕಲಿಕೆ ತನ್ನ ಕೆಲಸ ಮಾಡಿದೆ. ಉಳಿದುದನ್ನು ಬೆಂಕಿಯೇ ಕಲಿಸಬೇಕು.