ಮಾಗಿಯ ಬೆಳಗೂ ಮೊಂಡು ಗೇರೂ

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯ ಮಾಗಿಯ ಚಳಿಯನ್ನು ಚಳಿಯೆಂದು ಕರೆಯಲು ಉತ್ತರದೇಶದವರು ಒಪ್ಪಲಾರರು. ಹಿಮ ಬೀಳುವ ನಾಡಿನಿಂದ ರಜೆಗೆಂದು ಬಂದ ಮಕ್ಕಳಂತೂ ತಂದೆಯ ಮಂಕಿಟೋಪಿಯನ್ನು ಕಂಡು ನಗುತ್ತಾರೆ. ಆದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಬಯಲಿನ ಬೆಳಗಿನ ಜಾವಕ್ಕೆ ಡಿಸೆಂಬರ್, ಜನವರಿಗಳಲ್ಲಿ ತನ್ನದೇ ಆದ ಬಿಗಿಯುಂಟು. ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಮಂಜು ಕವಿದು, ವಿಮಾನಗಳು ಮೇಲೇಳಲಾರದೆ ಕಾದು ನಿಲ್ಲುವುದು ಈ ದಿನಗಳಲ್ಲೇ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಮಾನ 7.8 ಡಿಗ್ರಿಗೆ ಇಳಿದದ್ದು ಹಳೆಯ ದಾಖಲೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಳಿ ಬಂದಿತೆಂಬುದನ್ನು ನಮ್ಮ ಗೃಹಿಣಿಯರು ಕೊಬ್ಬರಿ ಎಣ್ಣೆಯ ಸೀಸೆಯನ್ನು ನೋಡಿಯೇ ಹೇಳಬಲ್ಲರು. ಸುಮಾರು 24 ಡಿಗ್ರಿಗಿಂತ ಕೆಳಕ್ಕಿಳಿದರೆ ಅದು ಬೆಣ್ಣೆಯಂತೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಎಣ್ಣೆಗೂ ಚಳಿಗೂ ಆಗದು ಎಂಬ ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ತಿಳಿಯಲು ಕಷ್ಟವಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರಿದ್ದಾರೆ. ಹಿಂದೆ ಅವರ ಬಳಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಮಾಗಿಯ ಬೆಳಗಿನಲ್ಲಿ ಅದರ ಚೋಕ್ ಎಳೆದು, ಕೆಮ್ಮಿಸಿ, ಓಲೈಸಿ ಹೊರಡಿಸುವುದರಲ್ಲಿ ಅವರಿಗೊಂದು ಹೆಮ್ಮೆಯೂ ಇತ್ತು. ಎಡಗಾಲಿನ ಮಂಡಿ ಸವೆದು, ಕ್ಲಚ್ ತುಳಿಯಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ ಮೇಲೆ ಆ ವೈಭವ ಮುಗಿಯಿತು. ಮಗಳು ಹಣ ಕಳಿಸಿ, ಎಡಗಾಲಿಗೆ ಕೆಲಸವೇ ಇಲ್ಲದ, ತಾನಾಗಿ ಗೇರು ಬದಲಿಸಿಕೊಳ್ಳುವ ಕಾರೊಂದನ್ನು ಕೊಡಿಸಿದಳು. ಹೊಸದೇನಲ್ಲ, ಎರಡನೆಯ ಕೈಯದು.

ಆ ಕಾರು ಶೋಕಿಗಾಗಿ ಬಂದದ್ದಲ್ಲ. ಮೇಷ್ಟ್ರ ಪತ್ನಿಗೆ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಮೂರು ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸಿಕ್ಕಿರುವುದು ಬೆಳಗಿನ ಮೊದಲ ಪಾಳಿ. ತಡವಾದರೆ ಆ ಹಾಸಿಗೆಗೆ ಮತ್ತೊಬ್ಬರು ಕಾದಿರುತ್ತಾರೆ. ತಪ್ಪಿದ ನಿಮಿಷಗಳನ್ನು ನಾಲ್ಕು ಗಂಟೆಯ ಲೆಕ್ಕದಿಂದಲೇ ಕಳೆಯಬೇಕು. ಆದ್ದರಿಂದ ಐದು ಗಂಟೆಗೆ, ಇನ್ನೂ ಕತ್ತಲಿರುವಾಗಲೇ, ಇಬ್ಬರೂ ರಾಜಾನುಕುಂಟೆ, ಯಲಹಂಕದ ಹಾದಿ ಹಿಡಿಯುತ್ತಾರೆ.

ಎರಡು ವರ್ಷ ಸುಖವಾಗಿಯೇ ನಡೆಯಿತು. ಮೂರನೆಯ ಮಾಗಿಯಲ್ಲಿ ಕಾರು ಮುನಿಯತೊಡಗಿತು. ಸನ್ನೆಯನ್ನು ‘ಡಿ’ ಅಕ್ಷರಕ್ಕೆ ತಂದರೆ ಒಂದು ಕ್ಷಣ ಏನೂ ಆಗದು. ಆಮೇಲೆ ಹಿಂದಿನಿಂದ ಯಾರೋ ಒದ್ದಂತೆ ಧಡಕ್ಕೆಂದು ಮುನ್ನುಗ್ಗುವುದು. ಮೊದಲನೆಯ ಗೇರಿನಲ್ಲೇ ಎಂಜಿನ್ ಅಬ್ಬರಿಸುವುದು. ಎರಡನೆಯದು ಬೀಳುವಾಗ ಮತ್ತೊಂದು ಹೊಡೆತ. ಸೂಜಿ ಚುಚ್ಚಿಸಿಕೊಂಡು ಗಂಟುಗಂಟಾದ ತೋಳನ್ನು ಆಕೆ ಇನ್ನೊಂದು ಕೈಯಿಂದ ಹಿಡಿದು ಕೂರುವರು. ರಾಜಾನುಕುಂಟೆ ದಾಟುವ ವೇಳೆಗೆ ಅದೇ ಕಾರು ಸಾಧುವಾಗಿ, ಬೆಣ್ಣೆಯಲ್ಲಿ ಕೂದಲೆಳೆದಂತೆ ನಡೆಯುತ್ತಿತ್ತು. “ನಡುದಾರೀಲಿ ನಿಂತುಬಿಟ್ರೆ ಏನ್ರೀ ಮಾಡೋದು?” ಎಂದು ಆಕೆ ಒಂದೇ ಒಂದು ಸಲ ಕೇಳಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ. ಅದೇ ಪ್ರಶ್ನೆ ಅವರ ನಿದ್ದೆಯನ್ನೂ ಕೆಡಿಸಿತ್ತು.

ಈ ಬಗೆಯ ಗೇರುಪೆಟ್ಟಿಗೆಯೊಳಗೆ ನಡೆಯುವುದು ಬಹುಪಾಲು ಎಣ್ಣೆಯದೇ ವ್ಯಾಪಾರ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಿಂದ ಇದನ್ನು ಹೊರತಂದು, ಮರುವರ್ಷದ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಕೂಡಿಸಿತು. ಅಂದಿನಿಂದ ಯಂತ್ರ ಎಷ್ಟೋ ಬದಲಾಗಿದೆ. ಎಣ್ಣೆಯ ಪಾರುಪತ್ಯ ಮಾತ್ರ ಹಾಗೆಯೇ ಇದೆ. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರಿನಲ್ಲಿ ಚಕ್ರದ ಕಡೆಗೆ ದಾಟಿಸುವುದು ಎಣ್ಣೆ. ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಎಣ್ಣೆ. ಕಾವು ಹೊತ್ತು ತಣಿಸುವುದೂ ಎಣ್ಣೆ. ಚಳಿಯಲ್ಲಿ ಅದು ಮಂದವಾದರೆ ಬಿಲ್ಲೆಯ ಬಳಿಗೆ ತಡವಾಗಿ ತಲುಪುತ್ತದೆ. ತಲುಪಿದ ಮೇಲೆ ಒಮ್ಮೆಲೇ ಅದುಮುತ್ತದೆ. ಆ ತಡವೇ ಮೌನ, ಆ ಅದುಮುವಿಕೆಯೇ ಹೊಡೆತ.

ಇದರಲ್ಲಿ ಒಂದು ಪಾಲು ಕಾರಿನ ಉದ್ದೇಶಪೂರ್ವಕ ನಡತೆಯೂ ಹೌದು. ಈಗಿನ ಕಾರುಗಳಲ್ಲಿರುವ ಪುಟ್ಟ ಕಂಪ್ಯೂಟರು ಎಣ್ಣೆಯ ಉಷ್ಣವನ್ನು ಅಳೆದು, ತಣ್ಣಗಿದೆಯೆಂದು ಕಂಡರೆ ಕೆಳಗಿನ ಗೇರನ್ನೇ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಎಂಜಿನ್ನೂ ಹೊಗೆ ಶುದ್ಧಿ ಮಾಡುವ ಸಾಧನವೂ ಬೇಗ ಕಾಯಲೆಂದು. ಮೊದಲ ಕೆಲವು ನಿಮಿಷ ಗೇರು ತಡವಾಗಿ ಬಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ತಡವಾಗುವುದು ಬೇರೆ, ಒದೆಯುವುದು ಬೇರೆ.

ಈ ಎಣ್ಣೆಗೊಂದು ವಿಚಿತ್ರವಾದ ಪೂರ್ವಚರಿತ್ರೆಯಿದೆ. ಬಿಲ್ಲೆಗಳು ಕಚ್ಚಿಕೊಳ್ಳುವಾಗ ನಡುಗದಿರಲೆಂದು ಹಿಂದಿನ ಕಾಲದಲ್ಲಿ ಅದಕ್ಕೆ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಸರಕಾರ ತಿಮಿಂಗಿಲದ ಪದಾರ್ಥಗಳನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿಯನ್ನು ಹುಡುಕಬೇಕಾಯಿತು. ಕಾರುಗಳು ಸಲೀಸಾಗಿ ಗೇರು ಬದಲಿಸಲೆಂದು ಸಾಗರದಲ್ಲಿ ಅಷ್ಟು ದೊಡ್ಡ ಪ್ರಾಣಿಗಳು ಸಾಯುತ್ತಿದ್ದುವೆಂದರೆ ನಂಬುವುದು ಕಷ್ಟ.

ಓದುಗರಲ್ಲಿ ಕಾರುಳ್ಳವರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ತಾನಾಗಿ ಗೇರು ಬೀಳುವ ಕಾರುಗಳೆಲ್ಲ ಒಂದೇ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಮನೆಮಾತಾದ ಎ.ಎಂ.ಟಿ. ಎಂಬುದು ಸಾಧಾರಣ ಗೇರುಪೆಟ್ಟಿಗೆಯೇ; ಮನುಷ್ಯನ ಕೈಕಾಲಿಗೆ ಬದಲು ಒಂದು ಯಂತ್ರ ಕ್ಲಚ್ ತುಳಿದು ಗೇರು ಹಾಕುತ್ತದೆ. ಅದು ತುಸು ತೂಗಿ ತೊನೆಯುವುದು ಬೇಸಿಗೆಯಲ್ಲೂ ಉಂಟು. ಚಳಿಯನ್ನು ದೂರಿ ಫಲವಿಲ್ಲ. ಸಿ.ವಿ.ಟಿ.ಯಲ್ಲಿ ಮೆಟ್ಟಿಲುಗಳೇ ಇಲ್ಲ, ಅದರ ಎಣ್ಣೆಯೂ ಬೇರೆ. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಸುರಿದರೆ ಗೇರುಪೆಟ್ಟಿಗೆಯ ಆಯುಸ್ಸು ಅಲ್ಲಿಗೇ ಕುಂದಿತು.

ಮೇಷ್ಟ್ರು ಮೊದಲು ಹೋದದ್ದು ನಗರದ ಒಂದು ದೊಡ್ಡ ಕಾರ್ಯಾಗಾರಕ್ಕೆ. ಗಾಜಿನ ಕೋಣೆಯಲ್ಲಿ ಕಾಫಿ ಕೊಟ್ಟರು, ಗೇರುಪೆಟ್ಟಿಗೆಯನ್ನೇ ಬದಲಿಸಬೇಕೆಂದರು. ಹೇಳಿದ ಮೊತ್ತ ಕಾರಿನ ಈಗಿನ ಬೆಲೆಯ ಅರ್ಧಕ್ಕೂ ಮಿಕ್ಕಿತ್ತು. ಅಷ್ಟು ಹಣವನ್ನು ಕಬ್ಬಿಣಕ್ಕೆ ಹಾಕಿದರೆ ಔಷಧಿಗೆ ಎಲ್ಲಿಂದ ತರುವುದು? ಮಾರಿಬಿಟ್ಟು ಬಾಡಿಗೆಯ ಕಾರು ಗೊತ್ತುಮಾಡುವುದೇ ಮೇಲೆಂದು ಮಗಳು ಫೋನಿನಲ್ಲಿ ಹೇಳಿದಳು. ಮಾತು ಸರಿಯೇ. ಆದರೆ ಬೆಳಗಿನ ಐದು ಗಂಟೆಗೆ ಒಪ್ಪಿಕೊಂಡು ಕೊನೆಯ ಗಳಿಗೆಯಲ್ಲಿ ಬಾರದ ಬಾಡಿಗೆ ಕಾರಿನ ಅನುಭವ ಅವರಿಗಾಗಲೇ ಎರಡು ಬಾರಿ ಆಗಿತ್ತು.

ಕೊನೆಗೆ ಊರಿನಲ್ಲೇ ಮೆಕ್ಯಾನಿಕ್ ಆಗಿರುವ ಹಳೆಯ ಶಿಷ್ಯನ ಬಳಿಗೆ ಹೋದರು. ಆತ ಕೇಳಿದ್ದು ಒಂದೇ ಪ್ರಶ್ನೆ: “ಮೇಷ್ಟ್ರೇ, ಬಿಸಿ ಆದ್ಮೇಲೂ ಹೊಡೀತದಾ?” ಇಲ್ಲವೆಂದಾಗ, “ಹಾಗಾದ್ರೆ ಎಣ್ಣೆ ನೋಡೋಣ. ಲೋಹದ ಚೂರು ಬಂದ್ರೆ ಮಾತ್ರ ನನ್ ಕೈಲಿಲ್ಲ” ಎಂದ.

ಹೊಸದಾಗಿದ್ದಾಗ ಕೆಂಪಗಿರುವ ಆ ಎಣ್ಣೆ, ಕದಡಿದ ಕಾಫಿ ಕಷಾಯದಂತೆ ಇಳಿಯಿತು. ‘ಜೀವನಪರ್ಯಂತ ಬದಲಿಸಬೇಕಿಲ್ಲ’ವೆಂಬ ಮಾತನ್ನು ನಂಬಿ ಹಿಂದಿನ ಒಡೆಯರು ಅದನ್ನು ಮುಟ್ಟಿಯೇ ಇರಲಿಲ್ಲ, ಯಾರ ಜೀವನವೆಂಬುದನ್ನು ಅಂಥ ಮಾತು ಹೇಳುವವರು ಬಿಡಿಸಿ ಹೇಳುವುದಿಲ್ಲ. ತಳದ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿತ್ತು. ಸಾಧಾರಣ ಸವೆತದಿಂದ ಆಗುವಂಥದ್ದು. ಚೂರುಗಳಿರಲಿಲ್ಲ. ಬಿರಡೆ ತೆಗೆದರೆ ಎಣ್ಣೆಯೆಲ್ಲ ಬಾರದು, ಬಹುಭಾಗ ಒಳಗೇ ಉಳಿಯುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತರಿಸಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ ತುಂಬಿದ. ಮಟ್ಟವನ್ನು ತಣ್ಣಗಿದ್ದಾಗ ನೋಡಲಿಲ್ಲ, ಹೇಳಿದಷ್ಟು ಕಾವೇರಿದ ಮೇಲೆಯೇ ನೋಡಿದ. ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಆಧಾರವೊಂದು ಬಿರಿದಿತ್ತು. ಚಳಿಗೆ ಸೆಟೆದು ಆ ಹೊಡೆತವನ್ನು ಇಮ್ಮಡಿಸುತ್ತಿದ್ದುದು ಅದೇ. ಅದನ್ನೂ ಬದಲಿಸಿದ. ಕೂಲಿಯನ್ನು ತೆಗೆದುಕೊಳ್ಳಲು ನಾಚಿದ. ಮೇಷ್ಟ್ರು ಗದರಿಸಿ ಕೊಟ್ಟರು.

ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಇದೇ ಮಾಗಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಗೋಣಿ ಹೊದಿಸಿದ ಎತ್ತುಗಳನ್ನು ಎಬ್ಬಿಸಿದೊಡನೆ ಯಾವ ರೈತನೂ ನೊಗ ಹೇರಿ ಓಡಿಸುವುದಿಲ್ಲ. ನಾಲ್ಕು ಹೆಜ್ಜೆ ನಡೆಸಿ ಮೈ ಸಡಿಲಿಸುತ್ತಾನೆ. ಕಾರನ್ನು ನಿಂತಲ್ಲೇ ಕಾಲುಗಂಟೆ ಗುರುಗುಟ್ಟಿಸುವುದರಿಂದ ಗೇರುಪೆಟ್ಟಿಗೆ ಹೆಚ್ಚೇನೂ ಕಾಯದು; ಅರ್ಧ ನಿಮಿಷ ಕಾದು, ಮೊದಲ ಮೂರು ನಾಲ್ಕು ಕಿಲೋಮೀಟರ್ ಮೆಲ್ಲಗೆ ನಡೆಸುವುದೇ ಸರಿಯಾದ ಉಪಚಾರ.

ಒದೆತ ಈಗ ಇಲ್ಲ. ಚಳಿ ಬಿದ್ದ ದಿನ ಎರಡನೆಯ ಗೇರು ಇನ್ನೂ ತುಸು ತಡವಾಗಿಯೇ ಬೀಳುತ್ತದೆ. ಆ ತಡವಷ್ಟು ಹಾಗೆಯೇ ಇರುತ್ತದೆಂದು ಶಿಷ್ಯ ಮೊದಲೇ ಹೇಳಿದ್ದ. ಮೇಷ್ಟ್ರು ಐದಕ್ಕೆ ಬದಲಾಗಿ ಐದಕ್ಕೆ ಹತ್ತು ನಿಮಿಷವಿರುವಾಗಲೇ ಬಾಗಿಲಿಗೆ ಬೀಗ ಹಾಕುತ್ತಾರೆ. ಊರು ದಾಟುವವರೆಗೆ ಆಕೆ ತೋಳನ್ನು ಹಿಡಿದೇ ಕೂರುತ್ತಾರೆ, ಅಭ್ಯಾಸಬಲ. ಆಮೇಲೆ ಶಾಲನ್ನು ಎಳೆದುಕೊಂಡು ಯಲಹಂಕದವರೆಗೆ ನಿದ್ದೆ ಮಾಡುತ್ತಾರೆ.