ಗಾಜಿನ ಕೆರೆಯ ಹತ್ತುಮೀನು

ಕೋರಿಡೋರಸ್ ಎಂಬ ಮೀನನ್ನು ನೀವು ನೋಡಿಯೇ ಇರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ಅಕ್ವೇರಿಯಂ ಅಂಗಡಿಯಲ್ಲಿ ಬಣ್ಣದ ಮೀನುಗಳೆಲ್ಲ ನಡುನೀರಿನಲ್ಲಿ ಮೆರೆಯುತ್ತಿರುವಾಗ, ತಳದ ಮರಳಿಗೆ ಮೂತಿ ಊರಿಕೊಂಡು ಏನೋ ಕಳೆದುಕೊಂಡವರ ಹಾಗೆ ಹುಡುಕುತ್ತಿರುವ ಎರಡಿಂಚಿನ ಮೀಸೆಯ ಮೀನು ಅದು. ಅಂಗಡಿಯವರು ಅದನ್ನು 'ಕ್ಲೀನರ್' ಎಂದು ಹೇಳಿ ಮಾರುತ್ತಾರೆ. ಉಳಿದವು ಬಿಟ್ಟದ್ದನ್ನು ತಿಂದುಕೊಂಡು ತೊಟ್ಟಿ ಚೊಕ್ಕಟ ಮಾಡುತ್ತದೆ, ಅದಕ್ಕೆ ಬೇರೆ ಊಟ ಬೇಕಿಲ್ಲ ಎಂಬುದು ಅವರ ಮಾತು. ಈ ಮಾತನ್ನು ನಂಬಿದವರ ಮನೆಯಲ್ಲಿ ಎಷ್ಟು ಕೋರಿಗಳು ಉಪವಾಸ ಸತ್ತಿವೆಯೋ! ಅದಕ್ಕೂ ಹೊಟ್ಟೆಯಿದೆ. ಆ ಹೊಟ್ಟೆಗೆ ಇನ್ನೊಂದು ಕೆಲಸವೂ ಇದೆ. ಆಗಾಗ ಈ ಮೀನು ತಳದಿಂದ ಬಾಣದಂತೆ ಮೇಲಕ್ಕೆ ಹಾರಿ, ಒಂದು ಗುಟುಕು ಗಾಳಿ ನುಂಗಿ, ಅಷ್ಟೇ ವೇಗದಲ್ಲಿ ಕೆಳಗಿಳಿಯುತ್ತದೆ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಅದು ಹೀರಿಕೊಳ್ಳುವುದು ಕರುಳಿನಿಂದ. ದಕ್ಷಿಣ ಅಮೆರಿಕದ ಬತ್ತುವ ಹಳ್ಳಗಳಲ್ಲಿ, ಉಸಿರಿಲ್ಲದ ಬೆಚ್ಚನೆಯ ನೀರಿನಲ್ಲಿ ಬದುಕುವುದಕ್ಕೆ ಅದು ಕಂಡುಕೊಂಡ ದಾರಿ.

ನನ್ನ ಹತ್ತಿರ ಇರುವುದು ಕಂಚಿನ ಬಣ್ಣದ ಕೋರಿ. 1858ರಲ್ಲಿ ಗಿಲ್ ಎಂಬಾತ ಟ್ರಿನಿಡಾಡಿನ ಮೀನನ್ನು ನೋಡಿ ವಿವರಿಸಿದ ಜಾತಿ. ಇಷ್ಟು ಕಾಲ ಕೋರಿಡೋರಸ್ ಈನಿಯಸ್ ಆಗಿದ್ದದ್ದನ್ನು 2024ರಲ್ಲಿ ವರ್ಗೀಕರಣದವರು ಬೇರೆ ಕುಲಕ್ಕೆ ಸೇರಿಸಿ ಆಸ್ಟಿಯೋಗ್ಯಾಸ್ಟರ್ ಎಂದರು. ಅಂಗಡಿಯಲ್ಲಿ ಮಾತ್ರ ಅದು ಇನ್ನೂ ಕೋರಿಯೇ, ನನ್ನ ಬಾಯಲ್ಲೂ. ಹೆಸರು ಟ್ರಿನಿಡಾಡಿನದಾದರೂ ನನ್ನ ಮೀನುಗಳು ಸಮುದ್ರ ದಾಟಿದವಲ್ಲ. ನಮ್ಮ ಕಡೆಯ ಅಂಗಡಿಗಳಿಗೆ ಬರುವ ಬಹಳಷ್ಟು ಅಲಂಕಾರಿಕ ಮೀನು ಚೆನ್ನೈನ ಕೊಳತ್ತೂರಿನಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಕೂತು ಬರುತ್ತದೆ. ಇವೂ ಹಾಗೇ ಬಂದವು. ಆರು ಕೊಂಡೆ. ಒಂಟಿಯಾಗಿ ಬಿಟ್ಟರೆ ಕೋರಿ ಮೂಲೆ ಹಿಡಿದು ಕೂರುತ್ತದೆ, ಗುಂಪಿನಲ್ಲಿದ್ದರೆ ಮಾತ್ರ ಅದರ ನಿಜವಾದ ಬುದ್ಧಿ ಗೊತ್ತಾಗುವುದು.

ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಕೆರೆ ಶಾಸನಗಳು. ದಿನವಿಡೀ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಮಗುಚಿ, ಯಾರು ಯಾವ ಕೆರೆಗೆ ಎಷ್ಟು ಗದ್ದೆ ಬಿಟ್ಟರು, ಹೂಳೆತ್ತುವ ಬಂಡಿಗೆ ಏನು ಕೊಟ್ಟರು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಕೆರೆಯ ನಿರ್ವಹಣೆಗೆ ಬಿಡುತ್ತಿದ್ದ ಆದಾಯಕ್ಕೆ ಬಿತ್ತುವಟ್ಟ ಎನ್ನುತ್ತಿದ್ದರು. ನನ್ನ ಕೋಣೆಯ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಕೆರೆಗೆ ನನ್ನ ಫೆಲೋಶಿಪ್ಪೇ ಬಿತ್ತುವಟ್ಟ. ತಳಕ್ಕೆ ನುಣ್ಣನೆಯ ಮರಳು, ಏಕೆಂದರೆ ಚೂಪು ಜಲ್ಲಿ ಹಾಕಿದರೆ ಮೀಸೆ ಸವೆಯುತ್ತದೆ. ಒಂದು ಸ್ಪಾಂಜ್ ಫಿಲ್ಟರು, ಒಂದು ಕೊರಡು, ಅದಕ್ಕೆ ಕಟ್ಟಿದ ಪಾಚಿ. ರಸ್ತೆಬದಿಯ ಬಾದಾಮಿ ಮರದಿಂದ ಉದುರಿದ ಒಣ ಎಲೆ ನಾಲ್ಕು. ಮೀನು ಬಿಡುವ ಮೊದಲು ಒಂದೂವರೆ ತಿಂಗಳು ಬರೀ ನೀರನ್ನು ಓಡಿಸಿದೆ. ಕಸಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಆ ಸ್ಪಾಂಜಿನಲ್ಲಿ ಮನೆ ಮಾಡಬೇಕಲ್ಲ. ರೂಮ್‌ಮೇಟ್ ದಿನಾ ಕೇಳುತ್ತಿದ್ದಳು, "ನಿನ್ನ ಮೀನು ಹೇಗಿವೆಯೇ, ಇವತ್ತಾದರೂ ಕಾಣ್ತವಾ?"

ಮೊದಲು ಬಂದದ್ದು ಚೆರ್ರಿ ಸೀಗಡಿ, ಹತ್ತು. ತೈವಾನ್, ಚೀನಾ ಕಡೆಯ ಸಿಹಿನೀರಿನ ಜಾತಿ, ಉಗುರಿನಷ್ಟುದ್ದ, ಮೆಣಸಿನಕಾಯಿಯ ಕೆಂಪು. ದಿನವಿಡೀ ಪುಟ್ಟ ಕೈಗಳಿಂದ ಪಾಚಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ನೋಡುತ್ತಿದ್ದರೆ ಅಕ್ಕಿ ಆರಿಸುವ ಅಜ್ಜಿಯರು ನೆನಪಾಗುತ್ತಾರೆ. ಹೆಣ್ಣು ಪೊರೆ ಕಳಚಿದ ದಿನ ನೀರಿನಲ್ಲಿ ಅದರ ಸುದ್ದಿ ಹರಡಿ ಗಂಡುಗಳೆಲ್ಲ ಹುಚ್ಚೆದ್ದು ಈಜುತ್ತವೆ. ಆಮೇಲೆ ಅವಳು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯ ಕಾಲುಗಳ ನಡುವೆ ಹಿಡಿದುಕೊಂಡು, ತಿಂಗಳ ಹತ್ತಿರ ಗಾಳಿ ಬೀಸುತ್ತ ಓಡಾಡುತ್ತಾಳೆ. ಹುಟ್ಟುವ ಮರಿಗಳು ಡಿಂಭಗಳಲ್ಲ, ದೊಡ್ಡದರದ್ದೇ ಪಡಿಯಚ್ಚು. ಕೋರಿಯ ಬಾಯಿಗೆ ಎದುರಾದ ಮರಿ ಉಳಿಯುವುದಿಲ್ಲ. ಆದರೆ ಕೋರಿ ಬೇಟೆಗಾರ ಅಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಪಾಚಿ ದಟ್ಟವಾಗಿದ್ದರೆ ಇಬ್ಬರ ಸಂಸಾರವೂ ಒಂದೇ ತೊಟ್ಟಿಯಲ್ಲಿ ಸಾಗುತ್ತದೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಅಮ್ಮ ನಗುತ್ತಿದ್ದಳು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಸೀಗಡಿ ಎಂದರೆ ಚಟ್ನಿ, ಮೀನು ಎಂದರೆ ಸಾರು. ಮತ್ತೆ ನಮ್ಮ ಕಡೆ ಮೀನಿಗೆ ಒಂದು ಹಬ್ಬವಿದೆ, ಹತ್ತುಮೀನಿನ ಹಬ್ಬ. ಮೃಗಶಿರದ ಮಳೆ ಜೋರಾಗಿ ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂದ ರಾತ್ರಿ ಹೊಳೆಯ ಮೀನುಗಳು ಮೊಟ್ಟೆಯಿಡುವುದಕ್ಕೆ ಹಳ್ಳ ಹತ್ತುತ್ತವೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಅವನ್ನು ಕಾಯುತ್ತ ಗಂಡಸರು ಕಂಬಳಿ ಕೊಪ್ಪೆ ಹಾಕಿ, ಬ್ಯಾಟರಿ ಕತ್ತಿ ಹಿಡಿದು ಅಂಚಿನಲ್ಲಿ ನಿಂತಿರುತ್ತಾರೆ. ಅಪ್ಪಯ್ಯ ಹದಿನೈದನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಗದ್ದೆಯ ಕಂಡಿಗೆ ಕೂಣಿ ಒಡ್ಡುವುದರಲ್ಲಿ ಅವರದು ಊರಿಗೇ ಹೆಸರಾದ ಕೈ. ಅವರು ತಂದ ಮುರುಗೋಡಿನ ಹೊಟ್ಟೆಯ ಮೊಟ್ಟೆಗಟ್ಟಿಯನ್ನು ಅಮ್ಮ ಹುರಿದು ಮೊದಲು ನನಗೇ ಕೊಡುತ್ತಿದ್ದಳು. ಅದರ ರುಚಿ ಈಗಲೂ ನಾಲಿಗೆಯಲ್ಲಿದೆ.

ಕಾಲೇಜಿಗೆ ಹೋದ ಮೇಲೆ ನಮ್ಮಿಬ್ಬರ ಜಗಳ ಶುರುವಾಯಿತು. ಬಸುರಿ ಮೀನನ್ನು ಕೊಂದರೆ ಮುಂದಿನ ವರ್ಷ ಹತ್ತುವುದಕ್ಕೆ ಏನಿರುತ್ತದೆ ಎಂಬುದು ನನ್ನ ವಾದ. "ನಮ್ಮಜ್ಜನ ಕಾಲದಿಂದ ಹೊಡೀತಿದ್ದೇವೆ, ಆಗ ಕಡಿಮೆ ಆಗದ್ದು ಈಗ ಯಾಕೆ ಆಯ್ತು? ಗದ್ದೆಗೆಲ್ಲ ಶುಂಠಿ ಹಾಕಿ ಔಷಧಿ ಹೊಯ್ದರಲ್ಲ, ಅವರನ್ನ ಕೇಳು," ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ. ಪ್ರತಿ ಜೂನ್‌ನಲ್ಲೂ ಫೋನಿನಲ್ಲಿ ಇದೇ. ಎರಡು ವರ್ಷ ಆ ತಿಂಗಳು ನಾವು ಸರಿಯಾಗಿ ಮಾತೇ ಆಡಲಿಲ್ಲ.

ಕಳೆದ ವರ್ಷ ಜೂನ್ ಮೊದಲ ವಾರ ಅಪ್ಪಯ್ಯ ಕಣ್ಣಿನ ಪೊರೆಯ ಆಪರೇಷನ್ನಿಗೆ ಮೈಸೂರಿಗೆ ಬಂದರು. ರೂಮ್‌ಮೇಟ್ ಊರಿಗೆ ಹೋಗಿದ್ದಳು. ಹದಿನೈದು ದಿನ ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಹೊತ್ತು ಹೊತ್ತಿಗೆ ಹನಿ ಬಿಡಬೇಕು. ಕಪ್ಪು ಕನ್ನಡಕ ಹಾಕಿಕೊಂಡು ಅವರು ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತರು. ಊರಲ್ಲಿ ಮಳೆ ಹಿಡಿದಿದೆಯೆಂದು ದಿನಕ್ಕೆರಡು ಸಲ ಫೋನ್ ಬರುತ್ತಿತ್ತು. ಅವರು ಮಾತಾಡಿ ಇಟ್ಟು ಸುಮ್ಮನಾಗುತ್ತಿದ್ದರು.

ಮೂರನೇ ದಿನ ಕೇಳಿದರು, "ಎಂಥದೇ ಇದು, ಮುರುಗೋಡಿನ ಹಾಗೆ ಮೇಲೆ ಬಂದು ಉಸಿರು ತಗೊಂಡು ಹೋಗ್ತದಲ್ಲ?"

ಎರಡು ವರ್ಷದಿಂದ ದಿನಾ ನೋಡುತ್ತಿದ್ದ ನನಗೆ ಮುರುಗೋಡು ಹೊಳೆದಿರಲಿಲ್ಲ! ಎರಡೂ ಕ್ಯಾಟ್‌ಫಿಶ್‌ಗಳೇ. ಮುರುಗೋಡಿಗೆ ಕಿವಿರಿನ ಮೇಲೆ ಮರದ ಕೊಂಬೆಗಳಂತೆ ಕವಲೊಡೆದ ಅಂಗವಿದೆ, ಅದರಿಂದ ಗಾಳಿ ಹೀರುತ್ತದೆ. ಕೋರಿ ಕರುಳಿನಿಂದ. "ಹಾಗಾದರೆ ಇದಕ್ಕೂ ರೆಕ್ಕೆಯ ಹತ್ತಿರ ಮುಳ್ಳಿರಬೇಕಲ್ಲ," ಎಂದರು. ಇದೆ, ಬಲೆಗೆ ಸಿಕ್ಕಿಸಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಅಪ್ಪಯ್ಯ ಹೆಬ್ಬೆರಳ ಬುಡದ ಹಳೆಯ ಗಾಯದ ಗುರುತನ್ನು ತೋರಿಸಿ ನಕ್ಕರು.

ಆ ವಾರ ಮೈಸೂರಿನಲ್ಲಿ ಮೋಡ ಕಟ್ಟಿತ್ತು. ಕೋರಿ ಮೊಟ್ಟೆಯಿಡುವುದೂ ಮಳೆ ನೋಡಿಯೇ. ತಣ್ಣನೆಯ ಹೊಸ ನೀರು ಬಂದರೆ ಅದಕ್ಕೆ ಮಳೆಗಾಲ ಶುರು. ತೊಟ್ಟಿಯ ಅರ್ಧ ನೀರು ತೆಗೆದು, ರಾತ್ರಿಯಿಡೀ ಬಾಲ್ಕನಿಯಲ್ಲಿಟ್ಟ ಕ್ಲೋರಿನ್ ಕಳೆದ ತಣ್ಣೀರನ್ನು ನಿಧಾನವಾಗಿ ತುಂಬಿಸಿದೆ. ಮಾರನೆಯ ಬೆಳಿಗ್ಗೆ ಗಂಡುಗಳು ಹೆಣ್ಣಿನ ಹಿಂದೆ ಬಿದ್ದಿದ್ದವು. ಗಂಡು ಅಡ್ಡ ನಿಲ್ಲುತ್ತದೆ, ಹೆಣ್ಣು ಅದರ ಹೊಟ್ಟೆಗೆ ಮೂತಿ ಒತ್ತಿ ನಿಲ್ಲುತ್ತದೆ, ಮೇಲಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರ. ಆ ಹೊತ್ತಿಗೆ ಹೆಣ್ಣು ಗಂಡಿನ ವೀರ್ಯವನ್ನು ಕುಡಿಯುತ್ತದೆ, ಅದು ಕರುಳಿನ ಮೂಲಕ ಹಾದು ಕೆಲವೇ ಸೆಕೆಂಡುಗಳಲ್ಲಿ ಹೊರಬಂದು, ಕೆಳರೆಕ್ಕೆಗಳ ಬೊಗಸೆಯಲ್ಲಿ ಹಿಡಿದ ಮೊಟ್ಟೆಗಳನ್ನು ಸೇರುತ್ತದೆ ಎಂದು 1995ರಲ್ಲಿ ಜಪಾನಿನ ಸಂಶೋಧಕರು ನೀಲಿ ಬಣ್ಣ ಬಳಸಿ ತೋರಿಸಿದರು. ಉಸಿರಾಟಕ್ಕೂ ಅದೇ ಕರುಳು, ಬಸುರಿಗೂ ಅದೇ ಕರುಳು. (ಈ ಭಾಗವನ್ನು ಅಪ್ಪಯ್ಯನಿಗೆ ವಿವರಿಸಲಿಲ್ಲ. "ಏನೋ ನಡೀತಿದೆ" ಎಂದು ಅವರೂ ಆ ಕಡೆ ತಿರುಗಿದರು.) ಆಮೇಲೆ ಹೆಣ್ಣು ಆ ಬೊಗಸೆಯನ್ನು ಹೊತ್ತುಕೊಂಡು ಹೋಗಿ, ಗಾಜನ್ನು ಬಾಯಿಂದ ಉಜ್ಜಿ ಒರೆಸಿ, ಎರಡು ಮೂರು ಮೊಟ್ಟೆ ಅಂಟಿಸಿ, ಮತ್ತೆ ಹೊರಡುತ್ತದೆ. ಮಧ್ಯಾಹ್ನದವರೆಗೂ ಇದೇ ಓಡಾಟ.

ಅಂಟಿಸಿದ ಮೊಟ್ಟೆಗಳನ್ನು ಸಂಜೆಯ ಹೊತ್ತಿಗೆ ಅಪ್ಪ ಅಮ್ಮನೇ ತಿಂದುಬಿಡುತ್ತವೆ. ಹಾಗಾಗಿ ಒಂದೊಂದನ್ನೇ ಬೆರಳ ತುದಿಯಿಂದ ಹೊರಳಿಸಿ ಬಿಡಿಸಿ ಐಸ್‌ಕ್ರೀಮ್ ಡಬ್ಬಿಗೆ ಹಾಕಬೇಕು. ಎಣಿಸಿದವರು ಅಪ್ಪಯ್ಯ, ಹೊಸ ಕಣ್ಣಿನ ಮೊದಲ ಕೆಲಸವೆಂದು. ಅರವತ್ತಮೂರು. ಡಬ್ಬಿಗೆ ಬಾದಾಮಿ ಎಲೆಯ ಚೂರು, ಗಾಳಿಯ ನಳಿಗೆ, ಮತ್ತೆ ಐದು ಸೀಗಡಿ. ಮೊಟ್ಟೆಗಳ ಶತ್ರು ಬೂಷ್ಟು. ಒಂದಕ್ಕೆ ಹಿಡಿದರೆ ಪಕ್ಕದ್ದಕ್ಕೆ ಹಬ್ಬುತ್ತದೆ. ನನ್ನ ಸೀಗಡಿಗಳು ಬೆಳ್ಳಗೆ ಬೂಷ್ಟು ಹಿಡಿದದ್ದನ್ನು ಆರಿಸಿ ತಿಂದವು, ಗಟ್ಟಿಯಾಗಿದ್ದ ಜೀವಂತ ಮೊಟ್ಟೆಯ ಮೈಯನ್ನು ಸವರಿ ಬಿಟ್ಟವು. ಅಪ್ಪಯ್ಯ ಅರ್ಧ ಗಂಟೆ ನೋಡಿ ಹೇಳಿದರು, "ಬಾಣಂತನಕ್ಕೆ ಬಂದವರ ಹಾಗೆ ಮಾಡ್ತಾವಲ್ಲೇ."

ನಾಲ್ಕನೇ ದಿನ ಮೊಟ್ಟೆಯೊಳಗೆ ಕಣ್ಣುಗಳು ಕಂಡವು. ರಾತ್ರಿ ಒಡೆಯತೊಡಗಿದವು. ಆಗ ಸೀಗಡಿಗಳನ್ನು ತೆಗೆದುಬಿಟ್ಟೆ, ಬಲವಿಲ್ಲದ ಮರಿಯನ್ನು ಅವು ಬಿಡುತ್ತವೆಂಬ ನೆಚ್ಚಿಕೆಯಿಲ್ಲ. ನಲವತ್ತೊಂದು ಮರಿ, ಒಂದೊಂದೂ ರೆಪ್ಪೆಯ ಕೂದಲಿನಷ್ಟು. ಅಪ್ಪಯ್ಯ ಡಬ್ಬಿಯ ಮೇಲೆ ಬಗ್ಗಲು ಹೋಗಿ, ಡಾಕ್ಟರು ಹೇಳಿದ್ದು ನೆನಪಾಗಿ, ಡಬ್ಬಿಯನ್ನೇ ಮುಖದ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಿದರು. ತುಂಬಾ ಹೊತ್ತು ನೋಡಿದರು.

"ಇಷ್ಟಕ್ಕೆ ಇಷ್ಟು ಮಾಡ್ತೀಯ. ಒಂದು ಮುರುಗೋಡಿನ ಹೊಟ್ಟೇಲಿ ಸಾವಿರ ಸಾವಿರ ಇರ್ತದೆ ಮಾರಾಯ್ತಿ."

ಹೌದು ಎಂದೆ. ಅವರು ಮುಂದೆ ಏನೂ ಹೇಳಲಿಲ್ಲ. ನಾನೂ ಕೆದಕಲಿಲ್ಲ, ಆ ಡಬ್ಬಿ ಹಿಡಿದುಕೊಂಡು ವಾದ ಮಾಡುವುದು ನನಗೆ ಸರಿ ಕಾಣಲಿಲ್ಲ.

ಹೊರಡುವ ಮುಂಚೆ ಅವರು ಇನ್ನೊಂದು ಕೇಳಿದರು. ಮೀನಿನ ಔಷಧಿಯ ಶೀಶೆಯ ಮೇಲೆ ನಾನು ದೊಡ್ಡದಾಗಿ 'ತಾಮ್ರ ಇದೆ, ಬೇಡ' ಎಂದು ಬರೆದಿಟ್ಟಿದ್ದೆ. ಅದೇನು ಎಂದರು. ಮೀನು ತಡೆದುಕೊಳ್ಳುವ ತಾಮ್ರವೂ ಸೀಗಡಿಗೆ ವಿಷವಾಗುತ್ತದೆ ಎಂದೆ. ಅಪ್ಪಯ್ಯ ತೋಟದವರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯದೆ ಉಳಿಗಾಲವಿಲ್ಲ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಎಂದರೆ ತಾಮ್ರವೇ. ನಮ್ಮ ತೋಟದ ಬುಡದಲ್ಲೇ ಹಳ್ಳ. "ಮುಂಚೆ ಹಳ್ಳದಲ್ಲಿ ಸಣ್ಣ ಸೀಗಡಿ ಇದ್ದವಲ್ಲ ಅಪ್ಪಯ್ಯ, ಈಗ ಇವೆಯಾ?" ಎಂದೆ. ಅವರು ಯೋಚಿಸಿದರು. "ಇಲ್ಲ. ಯಾವಾಗ ಹೋದವು ಅಂತಲೇ ಗೊತ್ತಾಗಲಿಲ್ಲ ನೋಡು." ಔಷಧಿ ಹೊಡೆಯುವುದನ್ನು ಅವರು ನಿಲ್ಲಿಸಿಲ್ಲ, ನಿಲ್ಲಿಸಿ ಎಂದು ಹೇಳುವ ಧೈರ್ಯವೂ ನನಗಿಲ್ಲ. ನನ್ನ ಓದು ನಡೆದದ್ದು ಅಡಿಕೆಯಿಂದ.

ಮರಿಗಳಲ್ಲಿ ಹತ್ತೊಂಬತ್ತು ಬೆಳೆದವು. ಈ ಜೂನ್‌ನಲ್ಲಿ ಜೋರು ಮಳೆ ಬಂದ ಮಾರನೆಯ ದಿನ ಫೋನ್ ಮಾಡಿದೆ.

"ಹೋಗಿದ್ದಿರಾ?"

"ಹೋಗಿದ್ದೆ. ಮೂರು ಸಿಕ್ಕಿತ್ತು. ಒಂದರಲ್ಲಿ ಮೊಟ್ಟೆ ಇತ್ತು, ಬಿಟ್ಟೆ."

ಹಿಂದಿನಿಂದ ಅಮ್ಮನ ದನಿ: "ಬಿಟ್ಟಿದ್ದಲ್ಲ, ಕೈಯಿಂದ ಜಾರಿದ್ದು."

ಡಿಸೆಂಬರಿಗೆ ನನ್ನ ಫೆಲೋಶಿಪ್‌ನ ಐದು ವರ್ಷ ಮುಗಿಯುತ್ತದೆ, ಕೋಣೆ ಖಾಲಿ ಮಾಡಬೇಕು. ಚೆನ್ನಾಗಿ ಸಾಕಿದರೆ ಕೋರಿ ಹತ್ತು ವರ್ಷ ಬದುಕುವ ಮೀನು, ಪಿಎಚ್.ಡಿ.ಗಿಂತ ದೀರ್ಘಾಯುಷಿ. ಮೀನು ಏನು ಮಾಡುತ್ತೀಯ ಎಂದು ಅಪ್ಪಯ್ಯನೇ ಕೇಳಿದರು. ಊರ ಕೆರೆಗೆ ಬಿಡು ಎಂದರು. ಹೊರದೇಶದ ಮೀನನ್ನು ನಮ್ಮ ನೀರಿಗೆ ಬಿಡಬಾರದು ಎಂದೆ. ಹೀಗೇ ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ಕೇರಳ, ತಮಿಳುನಾಡಿನ ನೀರುಗಳಲ್ಲಿ ಬೇರೂರಿದ ಕತೆ ಹೇಳಿದೆ. ಅಡಿಕೆ ಬೇಯಿಸುವ ಹಂಡೆ ಖಾಲಿ ಇದೆ ಎಂದರು. ಹೇಳಿದ ಮರುಕ್ಷಣ ಅವರೇ, "ಓ, ಅದು ತಾಮ್ರದ್ದು," ಎಂದರು.

ಈಗ ಹಿತ್ತಲಿನಲ್ಲಿ ನಾಲ್ಕಡಿಯ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದಾರೆ, ತೋಟದ ನೀರು ಇಳಿಯದ ಜಾಗ ನೋಡಿ. ಹೊಸ ಸಿಮೆಂಟಿನ ಸುಣ್ಣ ಬಿಡಬೇಕೆಂದು ಬಾಳೆದಿಂಡು ಕೊಚ್ಚಿ ಹಾಕಿ ನೀರು ತುಂಬಿಸಿಟ್ಟಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಎರಡು ಸಲ ನೀರು ಬದಲಿಸಿಯಾಗಿತ್ತು, ಮೂರನೆಯ ಸಲಕ್ಕೆ ದಿಂಡು ಕಡಿಯುತ್ತಿದ್ದರು.